ಜೊಂಡು ಹೀರಿದ್ದು ಎಲ್ಲಿ ಹೋಗುತ್ತದೆ?

ಬೆಂಗಳೂರಿನ ಜಕ್ಕೂರು ಕೆರೆಯನ್ನು ವರ್ಷವಿಡೀ ತುಂಬಿಡುವುದು ಮಳೆಗಿಂತ ಹೆಚ್ಚಾಗಿ ಪಕ್ಕದ ಘಟಕದಲ್ಲಿ ಸಂಸ್ಕರಿಸಿದ ಕೊಳಚೆ ನೀರು. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಆರಂಭವಾದ ಆ ಘಟಕದಿಂದ ಹೊರಬಿದ್ದ ನೀರು ಜೊಂಡು ಬೆಳೆದ ಜೌಗು ನೆಲವನ್ನು ಹಾದು, ಸುಮಾರು 160 ಎಕರೆಯ ಕೆರೆಗೆ ಇಳಿಯುತ್ತದೆ.

ಎರಡನೇ ಹಂತದ ಸಂಸ್ಕರಣೆಯು ಕೊಳೆಯುವ ವಸ್ತುವನ್ನೂ ತೇಲುವ ಕಣಗಳನ್ನೂ ತೆಗೆಯುವುದರಿಂದ ನೀರು ಕಣ್ಣಿಗೆ ತಿಳಿಯಾಗಿಯೇ ಕಾಣುತ್ತದೆ. ಆದರೆ ಕರಗಿರುವ ಸಾರಜನಕ, ರಂಜಕಗಳು ಹೋಗಬೇಕಾದರೆ ಬೇರೆಯೇ ಏರ್ಪಾಡು ಬೇಕು. ಲೀಟರಿಗೆ 0.03 ಮಿಲಿಗ್ರಾಂನಷ್ಟು ರಂಜಕವಿದ್ದರೂ ನಿಂತ ನೀರು ಪಾಚಿಗಟ್ಟಬಲ್ಲದು. ಎರಡನೇ ಹಂತವಷ್ಟೇ ಮುಗಿದ ನೀರಿನಲ್ಲಿ ಅದು ಸಾಮಾನ್ಯವಾಗಿ ಕೆಲವು ಮಿಲಿಗ್ರಾಂ ಉಳಿದಿರುತ್ತದೆ. ರೈತನ ಲೆಕ್ಕದಲ್ಲಿ ಇದು ಗೊಬ್ಬರದ ನೀರೇ.

ಜೊಂಡಿನ ಒಂದು ಬುಡವನ್ನು ಕಿತ್ತು ನೋಡಿ. ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಕೆಸರಿನ ನಡುವೆ ಬೇರಿನ ಎಳೆಗಳಿಗೆ ಮಾತ್ರ ತುಕ್ಕಿನ ಬಣ್ಣ ಹತ್ತಿರುತ್ತದೆ. ಎಲೆಯ ಟೊಳ್ಳಿನಿಂದ ಬೇರಿಗಿಳಿದ ಗಾಳಿ ಅಲ್ಲಿ ಕೆಸರಿನ ಕಬ್ಬಿಣಕ್ಕೆ ತುಕ್ಕು ಹಿಡಿಸಿದೆ. ಆ ತೆಳುಪದರದಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಆಗಿಸುತ್ತವೆ. ಅಲ್ಲಿಂದ ಆಚೆ, ಗಾಳಿಯಿಲ್ಲದ ಕೆಸರಿನಲ್ಲಿ, ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಸಾರಜನಕ ಅನಿಲವಾಗಿಸಿ ಬಿಟ್ಟುಬಿಡುತ್ತವೆ. ರಂಜಕಕ್ಕೆ ಹೀಗೆ ಗಾಳಿಗೆ ಹಾರುವ ದಾರಿಯಿಲ್ಲ. ಅದು ಗಿಡದಲ್ಲಿರಬೇಕು, ಇಲ್ಲವೇ ಕೆಸರಿನಲ್ಲಿ.

ಗೊಬ್ಬರ ಹೆಚ್ಚಾದಲ್ಲಿ ಜೊಂಡು ಸೊಕ್ಕಿ ಬೆಳೆದು, ಕುಳ್ಳ ಜೇಕಿನಂಥ ಗಿಡಗಳಿಗೆ ಬೆಳಕು ಸಿಗದಂತೆ ಮಾಡುತ್ತದೆ. ಒಣಗಿ ಬಿದ್ದ ಎಲೆ ಕೊಳೆತಾಗ ಹೀರಿದ ರಂಜಕದಲ್ಲಿ ಬಹುಪಾಲು ನೀರಿಗೇ ಮರಳುತ್ತದೆ. ಆದ್ದರಿಂದ ಎಲೆ ಹಸಿರಾಗಿರುವಾಗಲೇ, ನೀರಿನ ಮಟ್ಟಕ್ಕಿಂತ ಮೇಲೆ ಕೊಯ್ದು (ಕೂಳೆ ಮುಳುಗಿದರೆ ಬೇರಿಗೆ ಗಾಳಿ ತಪ್ಪಿ ಗಿಡವೇ ಸಾಯಬಹುದು) ಕೆರೆಯಿಂದ ದೂರ ಸಾಗಿಸಬೇಕು. ಕೊಯ್ದದ್ದನ್ನು ಏರಿಯ ಮೇಲೇ ರಾಶಿ ಹಾಕಿ, ಬಿಲ್ ಪಾಸಾದ ಮೇಲೆ ಮರೆತುಬಿಡುವುದನ್ನು ಒಂದಕ್ಕಿಂತ ಹೆಚ್ಚು ಕೆರೆಗಳಲ್ಲಿ ಕಂಡಿದ್ದೇನೆ. ಮೊದಲ ಮಳೆಗೆ ಅದರ ರಸವೆಲ್ಲ ಕೆರೆಗೇ ಇಳಿಯುತ್ತದೆ. ಇಷ್ಟಾಗಿಯೂ, ಎಡೆಬಿಡದೆ ಬರುವ ರಂಜಕದಲ್ಲಿ ಕೊಯ್ಲಿಗೆ ಸಿಗುವುದು ಸಣ್ಣ ಪಾಲು. ಉಳಿದದ್ದನ್ನು ಘಟಕದಲ್ಲೇ ಆಲಂ ಅಥವಾ ಫೆರಿಕ್ ಕ್ಲೋರೈಡ್ ಬೆರೆಸಿ ತೆಗೆಯುವುದು ಲೇಸೆಂಬುದು ನನ್ನ ಅಭಿಪ್ರಾಯ.

ಕೆರೆಯ ಸ್ಥಿತಿಯನ್ನು ಮಧ್ಯಾಹ್ನ ಅಳೆದರೆ ಮೋಸಹೋಗುತ್ತೇವೆ. ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತಿರುವುದರಿಂದ ಮೀಟರ್ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ರಾತ್ರಿಯಿಡೀ ಅದೇ ಪಾಚಿ ಉಸಿರಾಡಿ ಆಮ್ಲಜನಕವನ್ನು ಮುಗಿಸಿರುತ್ತದೆ. ಮೀನುಗಳು ಬಾಯಿ ಮೇಲೆತ್ತಿ ಗಾಳಿಗೆ ಹಾತೊರೆಯುವುದು ಸೂರ್ಯ ಹುಟ್ಟುವ ಮುನ್ನ. ಮೀಟರ್ ಇಳಿಸಬೇಕಾದದ್ದೂ ಆಗಲೇ.