ಹತ್ತು ನಾನೂರು ಓಡಿದ್ರೆ 1500ರ ಟೈಮ್ ಗೊತ್ತಾಗುತ್ತಾ?

ಟ್ರ್ಯಾಕಲ್ಲಿ 400 ಮೀಟರ್ ರಿಪೀಟ್ಸ್ (ಮಧ್ಯೆ ರೆಸ್ಟ್ ತಗೊಂಡು ಅದೇ ದೂರ ಮತ್ತೆ ಮತ್ತೆ ಓಡೋದು, ಒಂದೊಂದು ಓಟ ಒಂದು ರೆಪ್) ಓಡೋರು ಸಾಮಾನ್ಯವಾಗಿ ಹಾಕೋ ಲೆಕ್ಕ ಒಂದಿದೆ, ಎಲ್ಲಾ ರೆಪ್‌ಗಳ ಆವರೇಜ್ ತಗೊಂಡು 3.75ರಿಂದ ಗುಣಿಸಿದ್ರೆ 1500 ಮೀಟರ್ ಟೈಮ್ ಸಿಗುತ್ತೆ ಅಂತ. ಆವರೇಜ್ 80 ಸೆಕೆಂಡ್ ಬಂದ್ರೆ ರೇಸು ಸರಿಯಾಗಿ 5 ನಿಮಿಷ. ಆದ್ರೆ ಈ ಲೆಕ್ಕದಲ್ಲಿ ರೆಸ್ಟ್ ಅನ್ನೋದು ಎಲ್ಲೂ ಇಲ್ಲ. ಮೂರು ನಿಮಿಷ ಸುಧಾರಿಸ್ಕೊಂಡು ಓಡಿದ 80ಕ್ಕೂ ಒಂದೇ ನಿಮಿಷ ಜಾಗ್ ಮಾಡಿ ಓಡಿದ 80ಕ್ಕೂ ಒಂದೇ ಬೆಲೆ ಕಟ್ಟಿದ ಹಾಗಾಯ್ತು. ನನ್ನ ಪ್ರಕಾರ ವರ್ಕೌಟ್ ಡೈರಿಯಲ್ಲಿ ಮೊದಲು ಬರೀಬೇಕಾದ್ದೇ ರೆಸ್ಟು.

ಯಾಕೆ ಅಂತ ನೋಡೋಣ. ಪ್ರತಿಯೊಬ್ಬರಿಗೂ ಒಂದು ಕ್ರಿಟಿಕಲ್ ಸ್ಪೀಡ್ ಇರುತ್ತೆ. ಅದಕ್ಕಿಂತ ಕಡಿಮೆ ಸ್ಪೀಡಲ್ಲಿ ಓಡಿದ್ರೆ ಆಮ್ಲಜನಕದ ಬಳಕೆ, ರಕ್ತದ ಲ್ಯಾಕ್ಟೇಟ್ (ಜೋರಾಗಿ ಓಡಿದಾಗ ಸ್ನಾಯುಗಳಿಂದ ರಕ್ತಕ್ಕೆ ಸೇರೋ ವಸ್ತು) ಎರಡೂ ಒಂದು ಮಟ್ಟಕ್ಕೆ ಬಂದು ನಿಲ್ತವೆ. ಅದನ್ನ ದಾಟಿದ್ರೆ ಯಾವುದೂ ನಿಲ್ಲಲ್ಲ, ಒಳಗಿರೋ ಸೀಮಿತ ರಿಸರ್ವ್ ಖರ್ಚಾಗ್ತಾ ಹೋಗುತ್ತೆ, ಅದು ಮುಗಿದಾಗ ಸ್ಪೀಡ್ ಇಳಿಸದೆ ಬೇರೆ ದಾರಿ ಇಲ್ಲ. ಈ ರಿಸರ್ವನ್ನ ಮೀಟರ್‌ಗಳಲ್ಲೇ ಅಳೀತಾರೆ, ಅಂದ್ರೆ ಕ್ರಿಟಿಕಲ್ ಸ್ಪೀಡಲ್ಲಿ ಆಗೋ ದೂರಕ್ಕಿಂತ ಎಷ್ಟು ಮೀಟರ್ ಹೆಚ್ಚು ಓಡಬಹುದು ಅಂತ. ಒಬ್ಬ ಓಟಗಾರನ ಕ್ರಿಟಿಕಲ್ ಸ್ಪೀಡ್ ಸೆಕೆಂಡಿಗೆ 4 ಮೀಟರ್, ರಿಸರ್ವ್ 200 ಮೀಟರ್ ಅಂತಿಟ್ಕೊಳ್ಳಿ. 80 ಸೆಕೆಂಡಿಗೆ 400 ಅಂದ್ರೆ ಸೆಕೆಂಡಿಗೆ 5 ಮೀಟರ್, ಹಾಗಾಗಿ ಒಂದೊಂದು ರೆಪ್‌ಗೂ 80 ಮೀಟರ್ ರಿಸರ್ವ್ ಖಾಲಿ. ನಿಲ್ಲದೆ ಓಡಿದ್ರೆ ಅವನ ಕಥೆ 1000 ಮೀಟರಿಗೇ ಮುಗೀತು. ರೆಸ್ಟ್ ಸಿಕ್ರೆ ಮಾತ್ರ ಮೊಬೈಲ್ ಬ್ಯಾಟರಿ ಥರ ಮತ್ತೆ ಚಾರ್ಜ್ ಆಗಿ ಹತ್ತೂ ರೆಪ್ ಎಳೀತಾನೆ. ಸ್ನಾಯುವಿನಲ್ಲಿರೋ ಫಾಸ್ಫೋಕ್ರಿಯಾಟಿನ್ (ಜೋರು ಓಟಕ್ಕೆ ತಕ್ಷಣ ಶಕ್ತಿ ಕೊಡೋ ವಸ್ತು) ಅರ್ಧದಷ್ಟು ವಾಪಸ್ ಬರೋಕೆ ಸುಮಾರು 30 ಸೆಕೆಂಡ್ ಸಾಕು, ಹೆಚ್ಚುಕಮ್ಮಿ ಪೂರ್ತಿ ತುಂಬೋಕೆ ಕೆಲವು ನಿಮಿಷ ಬೇಕು. ಅದೇ ಮನುಷ್ಯನ 1500 ಎಷ್ಟು ಗೊತ್ತಾ? ರಿಸರ್ವಿನ 200 ಕಳೆದು ಉಳಿದ 1300ನ್ನ 4ರಿಂದ ಭಾಗಿಸಿದ್ರೆ 325 ಸೆಕೆಂಡ್, ಅಂದ್ರೆ 5:25. ಆವರೇಜ್ ನಂಬಿ 5:00ರ ಸ್ಪೀಡಲ್ಲಿ ಶುರು ಮಾಡಿದವನು ಕೊನೆ 500 ಮೀಟರಲ್ಲಿ ಹೇಗೆ ಒದ್ದಾಡ್ತಾನೆ ಅಂತ ಬೇರೆ ಹೇಳ್ಬೇಕಿಲ್ಲ.

ಹಾಗಂತ ಈ ರಿಪೀಟ್ಸ್‌ನಿಂದ ಏನೂ ಗೊತ್ತಾಗಲ್ಲ ಅಂತಲ್ಲ. ಮೈಲಿಯನ್ನ ನಾಲ್ಕು ನಿಮಿಷದೊಳಗೆ ಮೊದಲು ಓಡಿದ ರೋಜರ್ ಬ್ಯಾನಿಸ್ಟರ್ ಲಂಡನ್ನಲ್ಲಿ ಮೆಡಿಕಲ್ ಓದ್ತಾ ಟ್ರೇನಿಂಗ್ ಮಾಡಿದ್ದು ಹತ್ತು ಸಲ 440 ಗಜ, ಮಧ್ಯೆ 2 ನಿಮಿಷ ರೆಸ್ಟ್. 1953ರ ಡಿಸೆಂಬರ್‌ನಲ್ಲಿ 66 ಸೆಕೆಂಡಿದ್ದ ಆವರೇಜು 1954ರ ಏಪ್ರಿಲ್ ಹೊತ್ತಿಗೆ 61ಕ್ಕೆ ಬಂದು ಅಲ್ಲೇ ಸಿಕ್ಕಾಕ್ಕೊಂಡ್ತು, ಎಷ್ಟು ಗುದ್ದಾಡಿದ್ರೂ 60 ಆಗ್ಲಿಲ್ಲ. ಆಗ ಗೆಳೆಯ ಕ್ರಿಸ್ ಬ್ರಾಷರ್ ಜೊತೆ ಸ್ಕಾಟ್ಲೆಂಡಿನ ಬೆಟ್ಟ ಹತ್ತೋಕೆ ಹೋದ್ರು, ಓಟಕ್ಕೆ ಪೂರ್ತಿ ರಜೆ, ವಾಪಸ್ ಬಂದು ಓಡಿದ್ರೆ 59! ಮೇ 6ಕ್ಕೆ ಆಕ್ಸ್‌ಫರ್ಡಿನಲ್ಲಿ ಮೈಲಿ 3:59.4. ಕೆಲವೇ ದಿನದಲ್ಲಿ ಫಿಟ್ನೆಸ್ ಅಷ್ಟು ಏರೋಕೆ ಸಾಧ್ಯ ಇಲ್ಲ, ಶಕ್ತಿ ಮೊದಲೇ ಇತ್ತು, ದಣಿವು ಅದನ್ನ ಮುಚ್ಚಿಟ್ಟಿತ್ತು ಅಂತಲೇ ನನಗನ್ಸುತ್ತೆ. ಇನ್ನೊಂದು ವಿಷ್ಯ, ಮೈಲಿ ಅಂದ್ರೆ ನಾಲ್ಕು 440 ಗಜ, 59ನ್ನ ನಾಲ್ಕರಿಂದ ಗುಣಿಸಿದ್ರೆ 3:56, ರೇಸಿನ ಟೈಮು ಅದರ ಹತ್ರಾನೇ ಇದೆ. ತಿಂಗಳುಗಟ್ಟಲೆ ದೂರ, ರೆಪ್, ರೆಸ್ಟ್ ಮೂರನ್ನೂ ಬದಲಾಯಿಸದೆ ಇಟ್ಟಿದ್ರಿಂದಲೇ ಆ ನಂಬರಿಗೆ ಅರ್ಥ ಬಂತು.

ನೀವೇ ಅಳ್ಕೊಬೇಕು ಅಂದ್ರೆ ಬೇರೆ ಬೇರೆ ದಿನ, ಫ್ರೆಶ್ ಆಗಿದ್ದಾಗ, 1200 ಮತ್ತು 2400 ಪೂರ್ತಿ ಜೋರಾಗಿ ಓಡಿ. 4:10 ಮತ್ತು 9:10 ಬಂತು ಅನ್ನಿ, ವ್ಯತ್ಯಾಸ 1200 ಮೀಟರಿಗೆ 300 ಸೆಕೆಂಡ್, ಕ್ರಿಟಿಕಲ್ ಸ್ಪೀಡ್ 4. 4:10 ಅಂದ್ರೆ 250 ಸೆಕೆಂಡ್, ಅಷ್ಟು ಹೊತ್ತಿಗೆ ಆ ಸ್ಪೀಡಲ್ಲಿ 1000 ಆಗುತ್ತೆ, ಉಳಿದ 200 ರಿಸರ್ವು. ಸುಮಾರು 2ರಿಂದ 15 ನಿಮಿಷದ ಓಟಗಳಿಗೆ ಈ ಲೆಕ್ಕ ಚೆನ್ನಾಗಿ ಕೂರುತ್ತೆ. 1:45ಕ್ಕೆ 800 ಮುಗಿಸೋರಿಗೆ ಇದನ್ನ ಹಚ್ಚಬೇಡಿ, ಅಲ್ಲಿ ನೇರ ಸ್ಪ್ರಿಂಟ್ ತಾಕತ್ತೂ ಲೆಕ್ಕಕ್ಕೆ ಬರುತ್ತೆ.