ಚೆಕ್ ಡ್ಯಾಂ ತುಂಬಿದರೂ ಕೊಳವೆಬಾವಿ ಬತ್ತುವುದೇಕೆ?

ಪ್ರಶ್ನೆ: ಜಲಾನಯನ ಯೋಜನೆಯಲ್ಲಿ ನಮ್ಮೂರಿನ ಹಳ್ಳಕ್ಕೆ ಚೆಕ್ ಡ್ಯಾಂ ಕಟ್ಟಿದ್ದಾರೆ, ಹೊಲಗಳಿಗೆ ಬದು ಹಾಕಿದ್ದಾರೆ. ಮಳೆಗಾಲದಲ್ಲಿ ನೀರೂ ನಿಲ್ಲುತ್ತದೆ. ಆದರೂ ಬೇಸಿಗೆಗೆ ಮೊದಲೇ ಕೊಳವೆಬಾವಿಗಳು ಕೈಕೊಡುತ್ತಿವೆ. ಕಾಮಗಾರಿಯೇ ಸರಿಯಿಲ್ಲವೇ?

ಉತ್ತರ: ಕಾಮಗಾರಿ ಕಳಪೆಯಾಗಿರಬಹುದು, ಹೂಳು ತುಂಬಿರಬಹುದು. ಆದರೆ ಚೆನ್ನಾಗಿ ಕಟ್ಟಿದ ಕಡೆಗಳಲ್ಲೂ ಇದೇ ದೂರು ಕೇಳಿಬರುವುದರಿಂದ ಮೂಲ ಕಾರಣವನ್ನು ಬೇರೆಡೆ ಹುಡುಕಬೇಕಾಗುತ್ತದೆ. ಹರಿದು ಮುಂದಕ್ಕೆ ಹೋಗಬೇಕಿದ್ದ ನೀರಿನ ಒಂದು ಪಾಲನ್ನು ತಡೆದು ನೆಲಕ್ಕಿಳಿಸುವುದಷ್ಟೇ ಚೆಕ್ ಡ್ಯಾಂನ ಕೆಲಸ. ಆ ಪಾಲು ಎಷ್ಟು, ನಾವು ಮೇಲೆತ್ತುವುದು ಎಷ್ಟು ಎಂಬ ಲೆಕ್ಕ ಹೆಚ್ಚಿನ ಊರುಗಳಲ್ಲಿ ನಡೆಯುವುದೇ ಇಲ್ಲ.

ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ನೆಲದಡಿ ಇರುವುದು ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆ. ಬೋರ್ ಕೊರೆಸಿದವರಿಗೆ ಇದರ ರಚನೆ ಗೊತ್ತೇ ಇರುತ್ತದೆ: ಕೇಸಿಂಗ್ ಪೈಪ್ ಇಳಿಸುವಷ್ಟು ಆಳದವರೆಗೆ ಸಡಿಲವಾದ ಶಿಥಿಲ ಪದರ, ಅದರ ಕೆಳಗೆ ಗಟ್ಟಿ ಬಂಡೆ. ಬಂಡೆಯಲ್ಲಿ ಕೊರೆಯುವಾಗ ಬರೀ ಧೂಳು ಹಾರುತ್ತಿದ್ದು, ಬಿರುಕು ಸಿಕ್ಕೊಡನೆ ಅದು ಕೆಸರಾಗಿ ಬರತೊಡಗುತ್ತದೆ. ನೀರನ್ನು ಹೆಚ್ಚಾಗಿ ಹಿಡಿದಿಡುವುದು ಮೇಲಿನ ಶಿಥಿಲ ಪದರವೇ. ಬಿರುಕುಗಳು ನೀರು ಸಾಗುವ ದಾರಿ ಮಾತ್ರ, ಅವುಗಳಲ್ಲಿನ ಸಂಗ್ರಹ ಬಹಳ ಕಡಿಮೆ. ಸಾವಿರ ಅಡಿ ಕೊರೆಸಿದಾಕ್ಷಣ ಹೊಸ ಭಂಡಾರ ಸಿಗುವುದಿಲ್ಲ ಎಂಬುದನ್ನು ಸಾಲ ಮಾಡುವ ಮುನ್ನವೇ ರೈತರಿಗೆ ಯಾರಾದರೂ ಬಿಡಿಸಿ ಹೇಳಬೇಕಿತ್ತು.

ಈಗ ಲೆಕ್ಕ ನೋಡೋಣ. ವರ್ಷಕ್ಕೆ 600 ಮಿ.ಮೀ. ಮಳೆಯಾಗುವ ಊರಿನಲ್ಲಿ, ಇಂತಹ ಶಿಲೆಯ ಮೇಲೆ, ಸ್ಥೂಲವಾಗಿ ಹತ್ತರಲ್ಲೊಂದು ಪಾಲು, ಅಂದರೆ 60 ಮಿ.ಮೀ. ಅಂತರ್ಜಲಕ್ಕೆ ಸೇರುತ್ತದೆ ಎಂದಿಟ್ಟುಕೊಳ್ಳಿ. ಒಂದು ಎಕರೆಗೆ ಇದು ಸುಮಾರು 2.4 ಲಕ್ಷ ಲೀಟರ್. ಬೋರ್ ನೀರಿನಲ್ಲಿ ಬೆಳೆಯುವ ಬೇಸಿಗೆ ಭತ್ತಕ್ಕೆ 1,200 ಮಿ.ಮೀ. ಹಿಡಿದರೂ ಎಕರೆಗೆ 48 ಲಕ್ಷ ಲೀಟರ್ ಬೇಕು. ಗದ್ದೆಯಿಂದ ಒಂದಷ್ಟು ನೀರು ಮತ್ತೆ ಇಂಗುತ್ತದೆ ನಿಜ. ಆದರೂ ಒಂದು ಎಕರೆ ಭತ್ತಕ್ಕೆ ಸುಮಾರು ಇಪ್ಪತ್ತು ಎಕರೆಯ ಇಂಗುವಿಕೆಯನ್ನು ಎತ್ತಿದಂತಾಯಿತು. ಇನ್ನು 50 ಮೀಟರ್ ಉದ್ದ, 20 ಮೀಟರ್ ಅಗಲಕ್ಕೆ ಸರಾಸರಿ ಒಂದು ಮೀಟರ್ ನೀರು ನಿಲ್ಲಿಸುವ ಚೆಕ್ ಡ್ಯಾಂ ಮೂರು ಸಲ ತುಂಬಿದರೆ ಸಿಗುವುದು 30 ಲಕ್ಷ ಲೀಟರ್, ಅದರಲ್ಲೂ ಆವಿಯಾಗುವುದನ್ನು ಕಳೆಯಬೇಕು. ಆ ಒಂದು ಎಕರೆಯ ಅಗತ್ಯಕ್ಕೇ ಇದು ಸಾಲದು. ಕಟ್ಟೆಯಲ್ಲಿ ನೀರು ಕಂಡ ಧೈರ್ಯಕ್ಕೆ ಅಕ್ಕಪಕ್ಕ ಇನ್ನೂ ನಾಲ್ಕು ಬೋರ್ ಬಿದ್ದರೆ ಕಾಮಗಾರಿಯ ಫಲ ಅಲ್ಲಿಗೇ ಮುಗಿಯಿತು. ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ, ಎತ್ತಿದ ನೀರಿನ ಪ್ರಮಾಣ ಯಾರ ಬಿಲ್ಲಿನಲ್ಲೂ ಕಾಣುವುದಿಲ್ಲ.

ಬೆಂಗಳೂರಿಗೆ ನೀರು ಕೊಡಲು 1930ರ ದಶಕದಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಅರ್ಕಾವತಿ ನದಿಯ ಒಳಹರಿವು ಏಕೆ ಕುಗ್ಗಿತು ಎಂಬುದನ್ನು ಪರಿಸರ ಸಂಶೋಧನೆ ನಡೆಸುವ ಬೆಂಗಳೂರಿನ ಏಟ್ರೀ (ATREE) ಸಂಸ್ಥೆಯ ಸಂಶೋಧಕರು ಪರಿಶೀಲಿಸಿ, 2015ರಲ್ಲಿ ಪ್ರಬಂಧ ಪ್ರಕಟಿಸಿದರು. ಮಳೆ ಕಡಿಮೆಯಾದದ್ದೇ ಕಾರಣ ಎಂಬ ಸುಲಭ ಉತ್ತರವನ್ನು ಅಂಕಿಅಂಶಗಳು ಒಪ್ಪಲಿಲ್ಲ. ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದು ಮತ್ತು ನೀಲಗಿರಿ ತೋಪುಗಳು ಹಬ್ಬಿದ್ದು ಹೆಚ್ಚು ಸಂಭವನೀಯ ಕಾರಣಗಳೆಂದೂ, ಹಳ್ಳಗಳಿಗೆ ಹಾಕಿದ ತಡೆಗಳ ಪಾತ್ರ ಅವುಗಳಿಗಿಂತ ಕಡಿಮೆಯೆಂದೂ ಅವರು ಕಂಡುಕೊಂಡರು.

ಹಾಗಾದರೆ ದಾರಿಯೇನು? ನನ್ನ ಮಟ್ಟಿಗೆ ಅತ್ಯಂತ ಭರವಸೆ ಹುಟ್ಟಿಸಿದ ಪ್ರಯೋಗ ನಮ್ಮ ನೆರೆಯಲ್ಲೇ ನಡೆದಿದೆ. ಅನಂತಪುರವೂ ಸೇರಿದಂತೆ ಅಂದಿನ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ, 2003ರ ನಂತರದ ವರ್ಷಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನೊಂದಿಗೆ ರೈತರೇ ಮಳೆ ಅಳೆದರು, ಆಯ್ದ ಬಾವಿಗಳ ನೀರಿನ ಮಟ್ಟ ಅಳೆದು ದಾಖಲಿಸಿದರು. ಹಿಂಗಾರು ಬಿತ್ತನೆಗೆ ಮುನ್ನ ಊರವರೆಲ್ಲ ಕೂತು, ಇಂಗಿದ್ದೆಷ್ಟು, ಬಿತ್ತಬೇಕೆಂದಿರುವ ಬೆಳೆಗಳಿಗೆ ಬೇಕಾದದ್ದೆಷ್ಟು ಎಂಬ ಆಯವ್ಯಯವನ್ನು ಗೋಡೆಯ ಮೇಲೆ ಬರೆದು ಚರ್ಚಿಸಿದರು. ಬೋರ್ ನಿಲ್ಲಿಸಿ ಎಂಬ ಆಜ್ಞೆಯಾಗಲಿ, ಬೆಳೆ ಬದಲಿಸಿದರೆ ಹಣ ಕೊಡುವ ಆಮಿಷವಾಗಲಿ ಇರಲಿಲ್ಲ. ತಮ್ಮದೇ ಅಳತೆಯಾದ್ದರಿಂದ ನಂಬಿದ ಅನೇಕರು ಭತ್ತದ ವಿಸ್ತೀರ್ಣ ತಗ್ಗಿಸಿ, ಕಡಿಮೆ ನೀರಿನ ಬೆಳೆಗಳತ್ತ ಹೊರಳಿದರು.

ಜಮೀನಿಲ್ಲದವರ ಪಾಲಿನ ಪ್ರಶ್ನೆಯೂ ಇದರೊಳಗಿದೆ. ಹರಿಯಾಣದ ಸುಖೋಮಾಜ್ರಿಯಲ್ಲಿ 1970ರ ದಶಕದಲ್ಲಿ ಮಣ್ಣಿನ ಅಣೆಕಟ್ಟೆ ಕಟ್ಟಿದಾಗ, ಭೂಹೀನರೂ ಸೇರಿ ಪ್ರತಿ ಮನೆಗೂ ನೀರಿನ ಹಕ್ಕು ಕೊಟ್ಟ ಮೇಲೆಯೇ ಇಡೀ ಊರು ಗುಡ್ಡದಲ್ಲಿ ದನ, ಆಡು ಮೇಯಿಸುವುದನ್ನು ನಿಲ್ಲಿಸಿತು, ಕಟ್ಟೆಗೆ ಬರುವ ಹೂಳೂ ತಗ್ಗಿತು.

ನಿಮ್ಮೂರಿನಲ್ಲಿ ಆರಂಭಿಸಲು ದೊಡ್ಡ ಉಪಕರಣವೇನೂ ಬೇಕಿಲ್ಲ. ಶಾಲೆಯ ಅಂಗಳದಲ್ಲೊಂದು ಮಳೆಮಾಪಕ, ಬಳಸದೆ ಬಿಟ್ಟಿರುವ ಎರಡು ಮೂರು ಬೋರ್‌ಗಳಲ್ಲಿ ಹದಿನೈದು ದಿನಕ್ಕೊಮ್ಮೆ ನೀರಿನ ಆಳ ಅಳೆಯುವ ಟೇಪು, ಮತ್ತು ಅದನ್ನು ಬರೆದಿಡುವ ಒಂದು ಪುಸ್ತಕ ಸಾಕು. 2019ರ ಡಿಸೆಂಬರ್‌ನಲ್ಲಿ ಆರಂಭವಾದ, ಅಂತರ್ಜಲ ನಿರ್ವಹಣೆಗಾಗಿನ ಕೇಂದ್ರ ಸರ್ಕಾರದ ಅಟಲ್ ಭೂಜಲ ಯೋಜನೆಯಡಿ ರಾಜ್ಯದ ಆಯ್ದ ಪಂಚಾಯಿತಿಗಳಿಗೆ ಜಲ ಭದ್ರತಾ ಯೋಜನೆಗಳನ್ನು ಸಿದ್ಧಪಡಿಸಲಾಗಿದೆ. ನಿಮ್ಮ ಪಂಚಾಯಿತಿ ಆ ಪಟ್ಟಿಯಲ್ಲಿದ್ದರೆ ಅದರ ಪ್ರತಿ ಕೇಳಿ ಪಡೆದು, ಹಿಂಗಾರಿಗೆ ಮುಂಚಿನ ಗ್ರಾಮಸಭೆಯಲ್ಲಿ ಓದಿಸಿ.