ತೆರೆಯ ಮೇಲಿನ ರೈಲು ತಪ್ಪು: ಒಂದು ಪದ ಪರಿಚಯ

ನಾಯಕಿ ರೈಲು ಹತ್ತುತ್ತಾಳೆ. ಎಂಜಿನ್ನಿನ ಮುಂಭಾಗದಲ್ಲಿ ಅದರ ಸಂಖ್ಯೆ ಸ್ಪಷ್ಟವಾಗಿ ಕಾಣುತ್ತದೆ. ಅರೆ ನಿಮಿಷದ ಬಳಿಕ ಅದೇ ರೈಲು ಸೇತುವೆ ದಾಟುವಾಗ ಎಂಜಿನ್ ಬೇರೆ, ಬೋಗಿಗಳ ಬಣ್ಣವೂ ಬೇರೆ. ಊರು ಸೇರುವಷ್ಟರಲ್ಲಿ ಮೊದಲಿನ ಎಂಜಿನ್ನೇ ಮರಳಿ ಬಂದಿರುತ್ತದೆ. ಹೀಗೆ ಒಂದು ಶಾಟಿನಲ್ಲಿ ತೋರಿಸಿದ್ದನ್ನು ಇನ್ನೊಂದು ಶಾಟು ಸುಳ್ಳು ಮಾಡುವುದಕ್ಕೆ ಸಿನಿಮಾದವರು ಕಂಟಿನ್ಯೂಟಿ ದೋಷ ಎನ್ನುತ್ತಾರೆ. ಅದನ್ನು ಹಿಡಿಯಲು ರೈಲಿನ ಬಗ್ಗೆ ಏನೂ ಗೊತ್ತಿರಬೇಕಿಲ್ಲ. ಎರಡು ಶಾಟುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಕಣ್ಣಿದ್ದರೆ ಸಾಕು.

ರೈಲು ತಪ್ಪು ಇದಕ್ಕಿಂತ ದೊಡ್ಡ ವರ್ಗ. ಚಿತ್ರ ತನ್ನೊಳಗೆ ಎಲ್ಲಿಯೂ ಎಡವದೆ ಇರಬಹುದು, ಆದರೂ ಹೊರಗಿನ ಜಗತ್ತಿನ ಜೊತೆ ತಾಳೆಯಾಗದಿರಬಹುದು. 1930ರ ಕಥೆಯಲ್ಲಿ 1960ರ ಹಳಿ, ರಷ್ಯಾದ ಕಥೆಯಲ್ಲಿ ಸ್ಪೇನಿನ ಎಂಜಿನ್, ಕೊಂಡಿ ಕಳಚಿದರೂ ನಿಲ್ಲದೆ ಉರುಳುತ್ತಲೇ ಹೋಗುವ ಬೋಗಿ ಇವೆಲ್ಲ ಅದರಡಿ ಬರುತ್ತವೆ. ಮೊದಲನೆಯದು ಕಾಲದ ತಪ್ಪು, ಎರಡನೆಯದು ಸ್ಥಳದ ತಪ್ಪು, ಮೂರನೆಯದು ರೈಲು ಕೆಲಸ ಮಾಡುವ ರೀತಿಯನ್ನೇ ತಿಳಿಯದ ತಪ್ಪು. ನನ್ನ ಮಟ್ಟಿಗೆ ಮೂರನೆಯದೇ ಎಲ್ಲಕ್ಕಿಂತ ಗಂಭೀರ, ಏಕೆಂದರೆ ಅಲ್ಲಿ ಕೆಡುವುದು ಹಿನ್ನೆಲೆಯ ಚಿತ್ರ ಮಾತ್ರವಲ್ಲ, ಕಥೆಯ ತಿರುವೇ ಕುಸಿಯುತ್ತದೆ.

ಇಂಥ ತಪ್ಪುಗಳು ರೈಲಿನ ದೃಶ್ಯಗಳಲ್ಲೇ ಇಷ್ಟೊಂದು ಸಿಗುವುದಕ್ಕೆ ಕಾರಣವಿದೆ. ರೈಲಿನ ಪ್ರತಿಯೊಂದು ಭಾಗವೂ ತನ್ನ ಹುಟ್ಟಿದ ವರ್ಷವನ್ನೂ ಹುಟ್ಟೂರನ್ನೂ ಮೈಮೇಲೆ ಹೊತ್ತಿರುತ್ತದೆ. ಹಳಿಗಳ ಅಂತರ, ಸಿಗ್ನಲ್ಲಿನ ಆಕಾರ, ಬೋಗಿಯ ಬಣ್ಣ, ಸಿಳ್ಳೆಯ ಸ್ವರ, ಇವುಗಳಲ್ಲಿ ಯಾವುದೂ ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಸಲ್ಲುವುದಿಲ್ಲ. ಪಾತ್ರಧಾರಿಗೆ ಹಳೆಯ ಕಾಲದ ಕೋಟು ಹೊಲಿಸಬಹುದು, ಇಡೀ ರೈಲು ಮಾರ್ಗವನ್ನು ಹೊಲಿಸಲಾಗದು. ಸಿಕ್ಕಿದ ಮಾರ್ಗದಲ್ಲಿ, ಅಲ್ಲಿ ಓಡುವ ಸ್ಥಿತಿಯಲ್ಲಿರುವ ಒಂದೆರಡು ಹಳೆಯ ಎಂಜಿನ್‌ಗಳಲ್ಲೇ ಕೆಲಸ ಮುಗಿಸಬೇಕು. ಮತ್ತೊಂದು ಟೇಕ್ ಬೇಕೆಂದರೆ ಇಡೀ ರೈಲು ಹಿಂದಕ್ಕೆ ಹೋಗಿ ಮತ್ತೆ ಬರಬೇಕು. ಆದ್ದರಿಂದ ದೂರದ ನೋಟಗಳನ್ನು ಬೇರೊಂದು ತಂಡ ಬೇರೊಂದು ಮಾರ್ಗದಲ್ಲಿ ಚಿತ್ರಿಸುತ್ತದೆ, ಇಲ್ಲವೆ ಸಂಗ್ರಹದಲ್ಲಿದ್ದ ಹಳೆಯ ದೃಶ್ಯವನ್ನು ಸಂಕಲನಕಾರ ನಡುವೆ ಸೇರಿಸುತ್ತಾನೆ. ಕೆಲವೊಮ್ಮೆ ರೈಲು ಎಡದಿಂದ ಬಲಕ್ಕೆ ಓಡಬೇಕಾದಲ್ಲಿ ಬಲದಿಂದ ಎಡಕ್ಕೆ ಓಡಿದ ಶಾಟು ಮಾತ್ರ ಕೈಯಲ್ಲಿರುತ್ತದೆ; ಅದನ್ನು ಕನ್ನಡಿಯ ಬಿಂಬದಂತೆ ತಿರುಗಿಸಿಬಿಡುತ್ತಾರೆ. ಆಗ ಎಂಜಿನ್ನಿನ ಸಂಖ್ಯೆ ತಿರುಗಾಮುರುಗಾ ಆಗುತ್ತದೆ, ಚಾಲಕನ ಆಸನ ಬದಿ ಬದಲಿಸುತ್ತದೆ.

ಕಾಲದ ತಪ್ಪನ್ನು ಹಿಡಿಯಲು ಎಲ್ಲರೂ ಎಂಜಿನ್ ನೋಡುತ್ತಾರೆ. ನಾನು ನೆಲ ನೋಡಿ ಎನ್ನುತ್ತೇನೆ. ಹಳಿಯನ್ನು ಅದರಡಿಯ ಅಡ್ಡಪಟ್ಟಿಗೆ, ಅಂದರೆ ಸ್ಲೀಪರಿಗೆ ಬಿಗಿದಿರುವ ಕ್ಲಿಪ್ಪನ್ನು ಗಮನಿಸಿ. ಬಾಗಿಸಿದ ಉಕ್ಕಿನ ಸರಳಿನಂತಿರುವ, ಸುತ್ತಿಗೆಯಿಂದ ಹೊಡೆದು ಕೂರಿಸುವ ಪ್ಯಾಂಡ್ರಾಲ್ ಕ್ಲಿಪ್ ನಾರ್ವೆಯ ಎಂಜಿನಿಯರ್ ಪೆರ್ ಪಾಂಡೆ-ರೋಲ್ಫ್‌ಸೆನ್ 1950ರ ದಶಕದಲ್ಲಿ ರೂಪಿಸಿದ್ದು. ಎರಡನೆಯ ಮಹಾಯುದ್ಧದ ಕಥೆಯಲ್ಲಿ ಸೈನಿಕನೊಬ್ಬ ಹಳಿಗೆ ಕಿವಿಯಿಟ್ಟು ಆಲಿಸುವಾಗ ಅವನ ಕೆನ್ನೆಯ ಪಕ್ಕದಲ್ಲೇ ಆ ಕ್ಲಿಪ್ ಹೊಳೆದರೆ, ಕಥೆಯ ಕಾಲಕ್ಕೂ ಹಳಿಯ ಕಾಲಕ್ಕೂ ನಡುವೆ ಹತ್ತು ವರ್ಷಗಳಿಗಿಂತ ಹೆಚ್ಚಿನ ಬಿರುಕಿದೆ ಎಂದೇ ಅರ್ಥ. ಕಾಂಕ್ರೀಟ್ ಸ್ಲೀಪರ್‌ಗಳು ಎಲ್ಲೆಡೆ ಹರಡಿದ್ದೂ ಯುದ್ಧದ ನಂತರವೇ. ಹೆಚ್ಚಿನ ಚಿತ್ರತಂಡಗಳು ತಲೆಯ ಮೇಲಿನ ವಿದ್ಯುತ್ ತಂತಿಯನ್ನು ಗಮನಿಸಿ ಅಳಿಸುತ್ತವೆ, ಕಾಲಡಿಯ ಕ್ಲಿಪ್ಪನ್ನು ಮರೆಯುತ್ತವೆ.

ಕಿವಿಗೂ ಕೆಲಸವಿದೆ. ಎರಡು ಸಿಲಿಂಡರಿನ ಉಗಿ ಎಂಜಿನ್ ತನ್ನ ಚಾಲಕ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ನಾಲ್ಕು ಬಾರಿ ಉಗಿ ಉಗುಳುತ್ತದೆ. ನಾವು ಛುಕ್ ಛುಕ್ ಎನ್ನುವ ಸದ್ದು ಅದೇ. ಚಕ್ರದ ವ್ಯಾಸ 1.8 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು ಎರಡು ಛುಕ್ ಕೇಳಬೇಕು. 60 ಕಿಲೋಮೀಟರ್ ವೇಗದಲ್ಲಿ ಸುಮಾರು ಹನ್ನೆರಡು, ಅಂದರೆ ಬಿಡಿಬಿಡಿಯಾಗಿ ಎಣಿಸಲಾಗದ ಒಂದೇ ಮೊರೆತ. ಗಾಳಿಯ ವೇಗದಲ್ಲಿ ಓಡುವ ರೈಲಿಗೆ ನಿಧಾನವಾದ ಛುಕ್ ಛುಕ್ ಜೋಡಿಸಿದ್ದರೆ ಅದು ನಿಲ್ದಾಣ ಬಿಡುತ್ತಿದ್ದ ರೈಲಿನ ಸದ್ದು. ಮೂರು ಸಿಲಿಂಡರಿನ ಎಂಜಿನ್ ಸಾಮಾನ್ಯವಾಗಿ ಚಕ್ರದ ಒಂದು ಸುತ್ತಿನಲ್ಲಿ ಆರು ಬಾರಿ ಉಗುಳುತ್ತದೆ ಎಂಬುದನ್ನೂ ಬಲ್ಲವರು ಸದ್ದಿನಿಂದಲೇ ಎಂಜಿನ್ನಿನ ವರ್ಗವನ್ನು ಅಂದಾಜಿಸುತ್ತಾರೆ. ಹಳಿಯ ತುದಿಗಳನ್ನು ಬೆಸೆದು ಉದ್ದವಾಗಿ ಹಾಸಿದ ಆಧುನಿಕ ಮಾರ್ಗದಲ್ಲಿ ಕಟಕಟ ಸದ್ದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದರೂ ಅತಿವೇಗದ ರೈಲಿನೊಳಗಿನ ದೃಶ್ಯಕ್ಕೆ ಅದನ್ನು ತುಂಬುವ ಧ್ವನಿ ವಿನ್ಯಾಸಕರಿದ್ದಾರೆ.

ಸ್ಥಳದ ತಪ್ಪಿಗೆ ಮೊದಲ ಸಾಕ್ಷಿ ಗೇಜ್. ಯುರೋಪಿನ ಬಹುಭಾಗದಲ್ಲಿ, ಅಮೆರಿಕದಲ್ಲಿ ಹಳಿಗಳ ನಡುವಿನ ಅಂತರ 1435 ಮಿಲಿಮೀಟರ್. ರಷ್ಯಾದಲ್ಲಿ 1520, ಸ್ಪೇನಿನ ಹಳೆಯ ಜಾಲದಲ್ಲಿ 1668, ಭಾರತದ ಬ್ರಾಡ್‌ಗೇಜಿನಲ್ಲಿ 1676. ಕಣ್ಣಳತೆಗೆ 1668 ಮತ್ತು 1676ರ ವ್ಯತ್ಯಾಸ ಸಿಗುವುದಿಲ್ಲ, ಆದರೆ 1000 ಮಿಲಿಮೀಟರಿನ ಮೀಟರ್‌ಗೇಜನ್ನು ಯಾರೂ ಗುರುತಿಸಬಲ್ಲರು. ರಷ್ಯಾದ ಕ್ರಾಂತಿಯ ಕಾಲದ ಕಥೆಯಾದ ‘ಡಾಕ್ಟರ್ ಜಿವಾಗೋ’ (1965) ಬಹುಪಾಲು ಸ್ಪೇನಿನಲ್ಲಿ ಚಿತ್ರಿತವಾಯಿತು. ಅಮೆರಿಕದ ಪಶ್ಚಿಮದ ಕಥೆಗಳೂ ಸಾಕಷ್ಟು ಸಂಖ್ಯೆಯಲ್ಲಿ ಸ್ಪೇನಿನ ಒಣಭೂಮಿಯಲ್ಲೇ ತಯಾರಾದವು. ಅಂಥಲ್ಲಿ ಎಂಜಿನ್ನಿಗೆ ದೊಡ್ಡ ದೀಪ, ಮುಂದೊಂದು ಹಸುತಡೆ ಕಟ್ಟಿದರೂ ಎರಡು ಬದಿಯಲ್ಲಿ ತಳ್ಳಾಟವನ್ನು ತಡೆದುಕೊಳ್ಳುವ ದುಂಡನೆಯ ಬಫರ್‌ಗಳು ಉಳಿದಿದ್ದರೆ ಗುಟ್ಟು ರಟ್ಟಾಯಿತು, ಏಕೆಂದರೆ ಬದಿಯ ಬಫರ್ ಯುರೋಪಿನ ಪದ್ಧತಿ. ಅಮೆರಿಕದಲ್ಲಿ ನಡುವಿನ ಕೊಂಡಿಯೇ ಎಳೆತವನ್ನೂ ತಳ್ಳಾಟವನ್ನೂ ಹೊರುತ್ತದೆ.

ಒಂದೇ ನಗರದೊಳಗೂ ಸ್ಥಳ ತಪ್ಪಬಹುದು. ‘ಸ್ಕೈಫಾಲ್’ (2012) ಚಿತ್ರದ ಬೆನ್ನಟ್ಟುವ ದೃಶ್ಯ ಲಂಡನ್ನಿನ ಭೂಗತ ರೈಲಿನ ಡಿಸ್ಟ್ರಿಕ್ಟ್ ಮಾರ್ಗದಲ್ಲಿ ನಡೆಯುತ್ತದೆ. ಆ ಮಾರ್ಗ ರಸ್ತೆಯನ್ನು ಅಗೆದು ಮುಚ್ಚಿ ಮಾಡಿದ ಅಗಲ ಸುರಂಗದಲ್ಲಿದೆ, ಅಲ್ಲಿನ ರೈಲುಗಳೂ ಎತ್ತರದವು. ಚಿತ್ರದಲ್ಲಿರುವುದು ಆಳದ ದುಂಡು ಸುರಂಗಕ್ಕೆಂದು ಮಾಡಿದ, ಭುಜ ಬಾಗಿದ ಜುಬಿಲಿ ಮಾರ್ಗದ ರೈಲು. 1999ರಲ್ಲಿ ಪ್ರಯಾಣಿಕರಿಗೆ ಮುಚ್ಚಿದ ಚೇರಿಂಗ್ ಕ್ರಾಸ್‌ನ ಜುಬಿಲಿ ಪ್ಲಾಟ್‌ಫಾರ್ಮ್‌ಗಳು ಚಿತ್ರೀಕರಣಕ್ಕೆ ಸಿಗುತ್ತವೆ. ದಿನವಿಡೀ ಜನ ತುಂಬಿದ ನಿಲ್ದಾಣ ಸಿಗುವುದಿಲ್ಲ. ಕಾರಣ ತಿಳಿದಾಗ ಈ ತಪ್ಪಿನ ಮೇಲೆ ನನಗೆ ಕೋಪ ಬರುವುದಿಲ್ಲ.

ಹ್ಯಾರಿ ಪಾಟರ್ ಚಿತ್ರಗಳ ಕೆಂಪು ಎಂಜಿನ್ನಿನಲ್ಲಿ ಇಂಥವು ಪದರಪದರವಾಗಿವೆ. ಅದರ ನಾಮಫಲಕ ‘ಹಾಗ್ವಾರ್ಟ್ಸ್ ಕ್ಯಾಸಲ್’ ಎನ್ನುತ್ತದೆ, ಸಂಖ್ಯೆ ಮಾತ್ರ 5972. ಅದು ಬ್ರಿಟನ್ನಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ‘ಓಲ್ಟನ್ ಹಾಲ್’ ಎಂಬ ಎಂಜಿನ್ನಿನ ಸಂಖ್ಯೆ. ಆ ಕಂಪನಿಯಲ್ಲಿ ಹಾಲ್ ಒಂದು ವರ್ಗ, ಕ್ಯಾಸಲ್ ಇನ್ನೊಂದು ವರ್ಗ. ಕಂಪನಿಯ ಎಂಜಿನ್ನುಗಳು ಹಸಿರು. ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಹೊರಡುವ ಮುಖ್ಯ ಮಾರ್ಗ ಪೂರ್ವ ಕರಾವಳಿಯತ್ತ ಹೋದರೆ, ಚಿತ್ರದ ಪ್ರಸಿದ್ಧ ಗ್ಲೆನ್‌ಫಿನನ್ ಕಮಾನು ಸೇತುವೆ ಸ್ಕಾಟ್ಲೆಂಡಿನ ಪಶ್ಚಿಮದಲ್ಲಿದೆ. ಕಥೆಯ ರೈಲು ಹೊರಡುವ ಒಂಬತ್ತು ಮತ್ತು ಹತ್ತನೆಯ ಪ್ಲಾಟ್‌ಫಾರ್ಮ್‌ಗಳ ವಿಚಾರದಲ್ಲಿ ತಾನು ಇನ್ನೊಂದು ನಿಲ್ದಾಣವನ್ನು ನೆನೆದು ಗೊಂದಲ ಮಾಡಿಕೊಂಡೆನೆಂದು ಕಾದಂಬರಿಕಾರ್ತಿಯೇ ಹೇಳಿದ್ದಾರೆ. ಚಿತ್ರೀಕರಣ ನಡೆದದ್ದು ನಾಲ್ಕು ಮತ್ತು ಐದರ ನಡುವೆ. ಇವುಗಳಲ್ಲಿ ಬಣ್ಣವನ್ನು ನಾನು ತಪ್ಪೆಂದು ಎಣಿಸುವುದಿಲ್ಲ, ಅದು ಮಾಯಾಲೋಕದ ರೈಲಿಗಾಗಿ ಬೇಕೆಂದೇ ಮಾಡಿದ ಆಯ್ಕೆ. ಹಾಲ್ ವರ್ಗದ ಸಂಖ್ಯೆಗೆ ಕ್ಯಾಸಲ್ ಹೆಸರು ಹಚ್ಚಿದ್ದನ್ನು ಮಾತ್ರ ತಪ್ಪೆನ್ನುತ್ತೇನೆ.

ಇದಕ್ಕಿಂತ ಜಾಣತನದ ಹಾದಿ ‘ದ ರೈಲ್ವೇ ಚಿಲ್ಡ್ರನ್’ (1970) ಚಿತ್ರದ್ದು. ಮೂಲ ಕಥೆಯಲ್ಲಿರುವ ಕಂಪನಿಯೇ ಕಲ್ಪಿತ. ಚಿತ್ರತಂಡ ಯಾರ್ಕ್‌ಷೈರಿನ ಕೀಲಿ–ವರ್ತ್ ಕಣಿವೆಯ ಸಂರಕ್ಷಿತ ಮಾರ್ಗದ ಎಂಜಿನ್ನುಗಳಿಗೆ ಆ ಇಲ್ಲದ ಕಂಪನಿಯ ಬಣ್ಣ ಬಳಿಯಿತು. ಬಣ್ಣ ತಪ್ಪೆಂದು ಹೇಳಲು ಯಾರಿಗೂ ಆಧಾರವೇ ಉಳಿಯಲಿಲ್ಲ. ಆದರೂ ಕಥೆ ಇಪ್ಪತ್ತನೆಯ ಶತಮಾನದ ಮೊದಲ ದಶಕದ್ದು, ಅದರಲ್ಲಿ ಓಡಿದ ಒಂದು ಪುಟ್ಟ ಟ್ಯಾಂಕ್ ಎಂಜಿನ್ (ನೀರಿನ ತೊಟ್ಟಿಯನ್ನು ತನ್ನ ಮೈಮೇಲೇ ಹೊತ್ತದ್ದು) 1929ರಿಂದ ಕಟ್ಟಲು ಶುರುಮಾಡಿದ ವರ್ಗದ್ದು. ಬಣ್ಣ ಬದಲಿಸಬಹುದು, ಎಂಜಿನ್ನಿನ ಮೈಕಟ್ಟು ಬದಲಿಸಲಾಗದು.

ಈಗ ಮೂರನೆಯ ಬಗೆಗೆ ಬರೋಣ. ಖಳನಾಯಕ ಬ್ರೇಕ್ ಪೈಪನ್ನು ಕತ್ತರಿಸುತ್ತಾನೆ, ರೈಲು ಹಿಡಿತ ತಪ್ಪಿ ಓಡುತ್ತದೆ. ಅಥವಾ ನಾಯಕ ಕೊನೆಯ ಬೋಗಿಯ ಕೊಂಡಿ ಕಳಚುತ್ತಾನೆ, ಅದು ತಾನಾಗಿ ಇಳಿಜಾರಿನಲ್ಲಿ ಉರುಳುತ್ತದೆ. ಎಷ್ಟೋ ಚಿತ್ರಗಳ ಪರಾಕಾಷ್ಠೆ ಇದರ ಮೇಲೆಯೇ ನಿಂತಿದೆ. ವಾಸ್ತವದಲ್ಲಿ ನಡೆಯುವುದು ಇದಕ್ಕೆ ಪೂರ್ತಿ ವಿರುದ್ಧ. ಸ್ವಯಂಚಾಲಿತ ಗಾಳಿ ಬ್ರೇಕಿನಲ್ಲಿ ರೈಲಿನುದ್ದಕ್ಕೂ ಹಾಯುವ ಪೈಪಿನೊಳಗೆ ಸದಾ ಒತ್ತಡ ತುಂಬಿರುತ್ತದೆ. ಯುರೋಪಿನ ರೈಲುಗಳಲ್ಲಿ ಅದು 5 ಬಾರ್. ಒತ್ತಡ ಇರುವವರೆಗೆ ಬ್ರೇಕ್ ಬಿಟ್ಟುಕೊಂಡಿರುತ್ತದೆ, ಒತ್ತಡ ಇಳಿದರೆ ಪ್ರತಿ ಬೋಗಿಯ ಕವಾಟವೂ ತನ್ನದೇ ತೊಟ್ಟಿಯ ಗಾಳಿಯನ್ನು ಬ್ರೇಕ್ ಸಿಲಿಂಡರಿಗೆ ಹರಿಸಿ ಚಕ್ರವನ್ನು ಹಿಡಿಯುತ್ತದೆ. ಪೈಪ್ ಕತ್ತರಿಸಿದರೆ ರೈಲು ನಿಲ್ಲುತ್ತದೆ. ಕೊಂಡಿ ಕಳಚಿ ಪೈಪ್ ಹರಿದರೆ ಎರಡು ತುಂಡುಗಳೂ ನಿಲ್ಲುತ್ತವೆ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1870ರ ದಶಕದ ಆರಂಭದಲ್ಲಿ ಈ ತತ್ವವನ್ನು ರೂಪಿಸಿದ್ದೇ ಇಂಥ ಅಪಾಯವನ್ನು ತಡೆಯುವುದಕ್ಕಾಗಿ. ಖಳನಾಯಕ ನಿಜವಾಗಿಯೂ ರೈಲು ಬಲ್ಲವನಾದರೆ ಮೊದಲು ಕೊಂಡಿಯ ಎರಡೂ ಬದಿಯ ಕವಾಟಗಳನ್ನು ಮುಚ್ಚಬೇಕು, ಆಮೇಲೆ ಕಳಚಬೇಕು. ಆ ಒಂದು ಚಲನೆಯನ್ನು ತೋರಿಸಲು ಕೆಲವೇ ಕ್ಷಣ ಸಾಕು, ತೋರಿಸಿದರೆ ದೃಶ್ಯಕ್ಕೆ ಬಲ ಬರುತ್ತದೆ. ಬರಹಗಾರರು ಈ ಅವಕಾಶವನ್ನು ಬಿಟ್ಟುಕೊಡುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಆದರೆ ಇದೇ ದೃಶ್ಯ 1880ರ ದಶಕದ ಕಥೆಯಲ್ಲಿ ಬಂದರೆ ಅದನ್ನು ತಪ್ಪೆನ್ನುವ ಮುನ್ನ ತಡೆಯಬೇಕು. 1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಬಳಿ ವಿಹಾರಕ್ಕೆ ಹೊರಟಿದ್ದ ರೈಲೊಂದು ಏರು ಹತ್ತಲಾರದೆ ನಿಂತಿತು. ರೈಲನ್ನು ಎರಡು ಭಾಗ ಮಾಡಿ ಒಯ್ಯಲು ಸಿಬ್ಬಂದಿ ಹಿಂದಿನ ಬೋಗಿಗಳನ್ನು ಕಳಚಿದರು. ಅದರಲ್ಲಿದ್ದದ್ದು ಸ್ವಯಂಚಾಲಿತವಲ್ಲದ ನಿರ್ವಾತ ಬ್ರೇಕ್. ಕಳಚಿದೊಡನೆ ಅದರ ಹಿಡಿತ ಹೋಯಿತು. ಗಾರ್ಡಿನ ಕೈಬ್ರೇಕು, ಚಕ್ರದಡಿಯ ಕಲ್ಲು ಇವು ಸಾಲಲಿಲ್ಲ. ಬೋಗಿಗಳು ಹಿಂದಕ್ಕೆ ಉರುಳಿ ಹಿಂದೆ ಬರುತ್ತಿದ್ದ ರೈಲಿಗೆ ಬಡಿದವು, 80 ಜನ ಸತ್ತರು, ಅವರಲ್ಲಿ ಅನೇಕರು ಮಕ್ಕಳು. ಪ್ರಯಾಣಿಕರ ರೈಲಿಗೆ ಸ್ವಯಂಚಾಲಿತ ಬ್ರೇಕನ್ನೂ, ಸಿಗ್ನಲ್ ಮತ್ತು ರೈಲನ್ನು ಬೇರೆ ಹಳಿಗೆ ತಿರುಗಿಸುವ ಪಾಯಿಂಟ್‌ಗಳು ಒಂದಕ್ಕೊಂದು ಬಿಗಿದುಕೊಂಡಿರುವ ಇಂಟರ್‌ಲಾಕಿಂಗನ್ನೂ ಕಡ್ಡಾಯಗೊಳಿಸುವ ಕಾಯ್ದೆ ಬ್ರಿಟನ್ನಿನಲ್ಲಿ ಅದೇ ವರ್ಷ ಬಂತು. ಬ್ರೇಕಿನ ಬಗ್ಗೆ ಅಮೆರಿಕದ ಕಾಯ್ದೆ 1893ರದ್ದು. ಅಂದರೆ ಉರುಳುವ ಬೋಗಿ 1885ರ ಕಥೆಯಲ್ಲಿ ನಂಬಲರ್ಹ, 1935ರದ್ದರಲ್ಲಿ ಅಲ್ಲ. ಸನ್ನೆಕೋಲು ಎಳೆದು ರೈಲನ್ನು ಕೊನೆಯ ಕ್ಷಣದಲ್ಲಿ ಬೇರೆ ಹಳಿಗೆ ತಿರುಗಿಸುವ ನಾಯಕನಿಗೂ ಇದೇ ಮಾತು. ರೈಲಿಗೆ ಹಸಿರು ತೋರಿಸಿದ ಮೇಲೆ ಪಾಯಿಂಟ್‌ಗಳು ಅಲುಗದಂತೆ ಇಂಟರ್‌ಲಾಕಿಂಗ್ ಅವನ್ನು ಬಂಧಿಸಿಟ್ಟಿರುತ್ತದೆ.

ಹೀಗಾಗಿ ತಪ್ಪು ಹುಡುಕುವವರೂ ಎಷ್ಟೋ ಸಲ ಸರಿಯಾದುದನ್ನೇ ತಪ್ಪೆನ್ನುತ್ತಾರೆ. ದೂರಪ್ರಯಾಣದ ಕಥೆಯಲ್ಲಿ ಎಂಜಿನ್ ಬದಲಾಯಿತೆಂದು ದೂರುವುದು ಸಾಮಾನ್ಯ. ಆದರೆ ಹಲವು ದೇಶ ದಾಟುವ ಹಳೆಯ ಕಾಲದ ರೈಲಿಗೆ ಗಡಿಗಡಿಗೂ ಹೊಸ ಎಂಜಿನ್ ಕಟ್ಟುತ್ತಿದ್ದರು. ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ನ 1974ರ ಚಿತ್ರದಲ್ಲಿ 230 ಜಿ 353 ಎಂಬ ಫ್ರೆಂಚ್ ಎಂಜಿನ್ ಬಾಲ್ಕನ್ ನಾಡಿನ ಹಿಮದಲ್ಲಿ ಕಾಣಿಸಿಕೊಳ್ಳುತ್ತದೆ, ಅಲ್ಲಿ ಎಂಜಿನ್ ಬದಲಾಗದಿರುವುದೇ ಅನುಮಾನಕ್ಕೆ ಎಡೆ. ಎಂಜಿನ್ ಹಿಂಬದಿಯಿಂದ ತಳ್ಳುತ್ತಿದ್ದರೆ, ಇಲ್ಲವೆ ಕಲ್ಲಿದ್ದಲ ತೊಟ್ಟಿ ಮುಂದಾಗಿ ಓಡುತ್ತಿದ್ದರೆ ಅದೂ ತಪ್ಪಲ್ಲ. ಏರಿನಲ್ಲಿ ತಳ್ಳುವ ಎಂಜಿನ್ ಸೇರಿಸುವುದು ವಾಡಿಕೆ, ಎಂಜಿನ್ನಿನ ದಿಕ್ಕು ಬದಲಿಸುವ ತಿರುಗುಮೇಜು ಇಲ್ಲದ ಕೊನೆಯ ನಿಲ್ದಾಣದಿಂದ ಹಿಮ್ಮುಖವಾಗಿಯೇ ಬರಬೇಕು.

ಜೋಡಿ ಹಳಿಯಲ್ಲಿ ರೈಲು ಯಾವ ಬದಿಯಲ್ಲಿ ಓಡುತ್ತದೆ ಎಂಬುದರಲ್ಲಿ ಇನ್ನಷ್ಟು ಎಚ್ಚರ ಬೇಕು. ಬ್ರಿಟನ್, ಭಾರತ, ಫ್ರಾನ್ಸ್‌ಗಳಲ್ಲಿ ಎಡಬದಿ, ಜರ್ಮನಿಯಲ್ಲಿ ಬಲಬದಿ. ಆದರೆ ಫ್ರಾನ್ಸಿನ ಆಲ್ಸೇಸ್ ಮತ್ತು ಮೊಸೆಲ್ ಪ್ರದೇಶ 1871ರಿಂದ ಮೊದಲನೆಯ ಮಹಾಯುದ್ಧದ ಕೊನೆಯವರೆಗೆ ಜರ್ಮನಿಯ ಆಳ್ವಿಕೆಯಲ್ಲಿದ್ದುದರಿಂದ ಅಲ್ಲಿ ರೈಲುಗಳು ಇಂದಿಗೂ ಬಲಬದಿಯಲ್ಲೇ ಓಡುತ್ತವೆ, ಎರಡು ಪದ್ಧತಿಗಳು ಕೂಡುವಲ್ಲಿ ಒಂದು ಹಳಿಯನ್ನು ಇನ್ನೊಂದರ ಮೇಲೆ ಸೇತುವೆಯಿಂದ ದಾಟಿಸಿದ್ದಾರೆ. ಆಲ್ಸೇಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ನಡೆಯುವ ಕಥೆಯಲ್ಲಿ ರೈಲು ಬಲಗಡೆಯ ಹಳಿಯಲ್ಲಿ ಬಂದರೆ ಚಿತ್ರತಂಡ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.